ಜಗಳೂರು ಮಾತಾಡೋದು

ಮೊಮ್ಮಗಳ ಕಂಪ್ಯೂಟರ್ ನೆಟ್‌ವರ್ಕ್ ಪುಸ್ತಕದ ಮೊದಲ ಪಾಠದಲ್ಲೇ ಒಂದು ಮಾತಿದೆ: ಕೇಳುತ್ತಿರುವವರು ಯಾರೆಂದು ಖಚಿತವಾಗದೆ ಮಾಹಿತಿ ಕೊಡಬಾರದು. ಅವಳು ಅದನ್ನು ಪರೀಕ್ಷೆಗೆಂದು ಬಾಯಿಪಾಠ ಮಾಡುತ್ತಾಳೆ. ನಾನು ಎದ್ದು ಅಡುಗೆಮನೆಗೆ ಹೋಗುತ್ತೇನೆ.

ಎಂಬತ್ತರ ದಶಕದ ಆರಂಭ. ನಾನು ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್. ಬೋರ್ಡಿನ ಒಂದು ತೂತಿನಿಂದ ಇನ್ನೊಂದಕ್ಕೆ ವೈರು ಚುಚ್ಚಿ ಊರೂರನ್ನು ಜೋಡಿಸುವ ಕೆಲಸ. ಆಪರೇಟರುಗಳಿಗೆ ಊರೇ ಹೆಸರು. ‘ಚನ್ನಗಿರಿಗೆ ನೆಗಡಿಯಂತೆ’, ‘ಹೊನ್ನಾಳಿ ಇವತ್ತು ರಜೆ’ ಎಂದು ಮಾತಾಡಿಕೊಳ್ಳುತ್ತಿದ್ದೆವು. ಒಬ್ಬರ ಮುಖ ಒಬ್ಬರು ಕಂಡಿರಲಿಲ್ಲ.

ಒಂದು ಬೆಳಿಗ್ಗೆ ನ್ಯಾಮತಿಯ ಕಿರಾಣಿ ಅಂಗಡಿಯಿಂದ ಹೆಂಗಸೊಬ್ಬಳು ಜಗಳೂರಿನಲ್ಲಿದ್ದ ತನ್ನ ತಾಯಿಯ ಜೊತೆ ಮಾತಾಡಿದಳು. ಮುಗಿಸಿ ನನಗೆ ಹೇಳಿದಳು: “ಈ ಅಂಗಡಿಯೋರ ಮನೇಲೇ ಇದೀನಿ, ಎಲ್ಲಿಂದ ಅಂತ ಯಾರಿಗೂ ಹೇಳಬ್ಯಾಡ್ರಿ ಅಕ್ಕ. ಗಂಡ ಹುಡುಕ್ತಾ ಅವ್ನೆ. ಸಿಕ್ರೆ ಜೀವ ಉಳಿಸಲ್ಲ.”

“ಹೇಳಲ್ಲ ಕಣಮ್ಮ” ಎಂದೆ.

ಮಧ್ಯಾಹ್ನ ಟ್ರಂಕ್ ಲೈನಿನಲ್ಲಿ ಗರಗರ ಸದ್ದಿನ ನಡುವೆ ಒಂದು ದನಿ. “ಅಕ್ಕಾರೆ, ಜಗಳೂರು ಮಾತಾಡೋದು. ಊಟ ಆತಾ? ಬೆಳಿಗ್ಗೆ ನಮ್ಮ ಕಡೆಗೊಂದು ಕಾಲ್ ಕೊಟ್ರಲ್ಲ, ಎಲ್ಲಿಂದ ಅಂತ ಚೀಟಿಲಿ ಬರೆಯಾಕೆ ಮರ್ತೆ.”

“ಮರೆಗುಳಿ ಜಗಳೂರು! ನ್ಯಾಮತಿ ಬಸ್ ಸ್ಟ್ಯಾಂಡ್ ಹತ್ರದ ಕಿರಾಣಿ ಅಂಗಡಿ.”

“ದೇವರು ನಿಮ್ಮನ್ನ ಚೆನ್ನಾಗಿಟ್ಟಿರಲಿ” ಎಂದ.

ಆಪರೇಟರುಗಳು ಯಾರೂ ಹಾಗೆ ಹೇಳುವುದಿಲ್ಲ. ವೈರು ಕಿತ್ತ ಮೇಲೆ ಅದು ಹೊಳೆಯಿತು. ಜಗಳೂರನ್ನು ಕರೆದೆ.

“ನಾನೇನೂ ಕೇಳಲಿಲ್ಲ ಅಕ್ಕ. ಯಾರೋ ನಿಮ್ಮ ಎಕ್ಸ್‌ಚೇಂಜಿಗೇ ಕಾಲ್ ಬುಕ್ ಮಾಡಿದ್ರು. ನಿಮ್ಮ ನೆಂಟ್ರು ಅಂದ್ರು, ಜೋಡಿಸ್ದೆ.”

ಕೇಳಿದವನು ಆಕೆಯ ಗಂಡನೇ. ಅವನ ಕಡೆಯವರು ಯಾರಾದರೂ ಪಕ್ಕದ ಹೊನ್ನಾಳಿಯಲ್ಲಿದ್ದರೆ ನ್ಯಾಮತಿ ಎಷ್ಟು ದೂರ? ನ್ಯಾಮತಿಯ ಲೈನು ಮೂರು ಸಲ ಸತ್ತಿತು. ನಾಲ್ಕನೆಯ ಸಲ ಅಂಗಡಿಯವರು ಎತ್ತಿದರು.

“ಆಯಮ್ಮನ್ನ ಈಗ್ಲೇ ಕಳಿಸಿಬಿಡ್ರಿ. ಗಂಡನಿಗೆ ಗೊತ್ತಾಗೈತೆ.”

“ಹೆಂಗೆ ಗೊತ್ತಾತ್ರೀ?”

“ಹೇಳಿದ್ದು ನಾನೇ.”

ಅವರು ರಿಸೀವರನ್ನು ಗಲ್ಲಾಪೆಟ್ಟಿಗೆಯ ಮೇಲಿಟ್ಟ ಸದ್ದು. ಓಡುವ ಕಾಲಿನ ಸದ್ದು, ತಗಡಿನ ಬಾಗಿಲು, ಬಸ್ಸಿನ ಹಾರನ್. ಆಮೇಲೆ ಬಹಳ ಹೊತ್ತು ನೊಣದ ಸದ್ದು ಮಾತ್ರ.

“ಹತ್ತಿದ್ಲು” ಎಂದರು ಅಂಗಡಿಯವರು. “ಯಾವ ಊರಿಗೆ ಅಂತ ನಿಮಗೆ ಹೇಳಬ್ಯಾಡ ಅಂದ್ಲು.”

ಮರುದಿನದಿಂದ ಜಗಳೂರಿಗೂ ನನಗೂ ಒಂದು ಗುಟ್ಟಿನ ಮಾತಾಯಿತು. ‘ಸೊಕ್ಕೆ ಊರಿನ ಬಸ್ ಬಂತಾ?’ ಎಂದು ನಾನು ಕೇಳಬೇಕು, ‘ಟೈರ್ ಇಲ್ದೆ ಬಂತು’ ಎಂದು ಅವನು ಹೇಳಬೇಕು. ತಿಂಗಳು ಕಳೆಯುವಷ್ಟರಲ್ಲಿ ಅವನಿಗೆ ಬೇಸರವಾಯಿತು.

“ಇಷ್ಟು ದಿನ ಆದ್ರೂ ನನ್ನ ದನಿ ಗೊತ್ತಾಗಲ್ವಾ ಅಕ್ಕ?”

“ಗೊತ್ತಾಗ್ತೈತೆ. ಬಸ್ ಬಂತಾ ಹೇಳು.”