ಗಿಟಾರಿಗೆ ಹರಿದ ರೊಟ್ಟಿ

“ನೋಡ್ರಿ ಮೇಷ್ಟ್ರ, ನೀವು ಬಾರ್ಸೋದು ಕೇಳಿ ಕೇಳಿ ನನ್ನ ರೊಟ್ಟಿ ಹರಿಯಾಕ ಹತ್ಯಾವ!”

ಹರಿದ ಜೋಳದ ರೊಟ್ಟಿ ಹಿಡಿದು ಬಾಗಿಲಲ್ಲಿ ನಿಂತಿದ್ದವರು ಕೊಟ್ಟೂರಿನ ನನ್ನ ಬಾಡಿಗೆ ಕೋಣೆಯ ಪಕ್ಕದಲ್ಲೇ ಖಾನಾವಳಿ ನಡೆಸುವ ಕೊಟ್ರಮ್ಮ. ನಾನು ಮೊಬೈಲ್ ನೋಡಿಕೊಂಡು ಗಿಟಾರಿನಲ್ಲಿ ಬ್ರೆಜಿಲ್ ದೇಶದ ಬೋಸಾ ನೋವಾ ಲಯ ಕಲಿಯುತ್ತಿದ್ದೆ. ಹೆಬ್ಬೆರಳು ಒಂದೇ ಸಮನೆ ನಡೆಯುತ್ತಿರಬೇಕು, ಉಳಿದ ಬೆರಳುಗಳು ಅದಕ್ಕೆ ಕಾಯದೆ ನಡುನಡುವೆ ತಂತಿ ಮೀಟಬೇಕು. ನನ್ನವು ಒಂದಕ್ಕೊಂದು ಕಾಯುತ್ತಾ ನಿಂತೇಬಿಡುತ್ತಿದ್ದವು. ಗೋಡೆಯಾಚೆ ಅದನ್ನು ಕೇಳುತ್ತಾ ರೊಟ್ಟಿ ಬಡಿಯುತ್ತಿದ್ದ ಅವರ ಕೈಯೂ ಜೊತೆಗೇ ನಿಲ್ಲುತ್ತಿತ್ತಂತೆ.

ಕೊಟ್ರಮ್ಮ ನನ್ನನ್ನು ಎಳೆದೊಯ್ದು ಒಲೆಯ ಮುಂದೆ ಕೂರಿಸಿ, ಹಿಟ್ಟಿನ ಉಂಡೆ ಕೊಟ್ಟರು. “ಬಲಗೈ ಬಡೀಲಿ, ಎಡಗೈ ತಿರುಗಿಸ್ಲಿ. ಒಂದು ಕೈ ಇನ್ನೊಂದರ ಹಾದಿ ಕಾಯಬಾರ್ದ್ರಿ.”

ಮೂರು ರೊಟ್ಟಿ ಹಾಳಾದವು. ನಾಲ್ಕನೆಯದು ದುಂಡಗಾಗದಿದ್ದರೂ ನಿಲ್ಲದೆ ತಿರುಗಿತು. ಹಿಟ್ಟಿನ ಕೈಯಲ್ಲೇ ಓಡಿಹೋಗಿ ಗಿಟಾರ್ ಹಿಡಿದೆ. ಅಂದು ಮೊದಲ ಬಾರಿಗೆ ಹೆಬ್ಬೆರಳು ತನ್ನ ಪಾಡಿಗೆ ನಡೆಯಿತು, ಬೆರಳುಗಳು ತಮ್ಮ ಪಾಡಿಗೆ ಮೀಟಿದವು.

ಈಗಲೂ ನನ್ನ ಲಯ ತಪ್ಪಿದಾಗ ಕೊಟ್ರಮ್ಮನವರ ಕೈಯಲ್ಲಿ ಹರಿದ ರೊಟ್ಟಿಗಳು ಖಾನಾವಳಿಯಲ್ಲಿ ನನ್ನ ತಟ್ಟೆಗೇ ಬೀಳುತ್ತವೆ. ಕಲಿಕೆ ಎಲ್ಲಿಗೆ ಬಂತೆಂದು ಯಾರಾದರೂ ಕೇಳಿದರೆ ಊಟ ನೆನೆಸಿಕೊಂಡು ಹೇಳುತ್ತೇನೆ. ನಿನ್ನೆ ಎರಡು ಇಡಿ ರೊಟ್ಟಿ, ಒಂದೇ ಒಂದು ಹರಕು.