ಅಂಗಡಿ ಗೋಡೆಯ ಐದನೇ ಗೆರೆ

ದೇಶದ ವಿತ್ತೀಯ ಕೊರತೆಯ ಬಗ್ಗೆ ಇಬ್ರಾಹಿಂಪುರದ ನನ್ನ ಅಂಗಡಿಯ ಬೆಂಚಿನ ಮೇಲೆ ಆದಷ್ಟು ಚರ್ಚೆ ದೆಹಲಿಯಲ್ಲಿ ಕೂಡ ಆಗಿರಲಿಕ್ಕಿಲ್ಲ. ಅಲ್ಲಿಯವರಿಗೆ ಊಟದ ಬಿಡುವು ಇರುತ್ತದೆ, ಗದ್ದಲ ಹೆಚ್ಚಾದರೆ ಕಲಾಪ ಮುಂದೂಡುತ್ತಾರೆ. ನನ್ನ ಬೆಂಚಿನವರಿಗೆ ಅಂಥ ದೌರ್ಬಲ್ಯಗಳಿಲ್ಲ. ಚಹಾ ಬಂದರೆ ಚಹಾ ಕುಡಿಯುತ್ತಲೇ ದೇಶ ನಡೆಸುತ್ತಾರೆ.

ನನ್ನದು ಸುಟ್ಟ ಮೋಟಾರುಗಳಿಗೆ ಹೊಸ ತಾಮ್ರದ ತಂತಿ ಸುತ್ತಿಕೊಡುವ ಕೆಲಸ. ನನ್ನೂರು ತಿಕೋಟಾದಲ್ಲಿ ಏಳನೆಯ ತರಗತಿಗೇ ಶಾಲೆ ಬಿಟ್ಟವನು. ಬಿಟ್ಟದ್ದಕ್ಕೆ ನಾಚಿಕೆಯೇನಿಲ್ಲ. ದೊಡ್ಡ ದೊಡ್ಡ ಡಿಗ್ರಿಯವರು ಸುಟ್ಟ ಮೋಟಾರು ತಂದು ನನ್ನ ಮುಂದಿಟ್ಟು, "ಏನಾಗೇತ್ರಿ ಇದಕ್ಕ?" ಎಂದು ಕೇಳುವಾಗ ಅವರ ಮುಖದ ಮೇಲೆ ಯಾವ ಡಿಗ್ರಿಯೂ ಕಾಣುವುದಿಲ್ಲ. ಮೂವತ್ತು ವರ್ಷದಲ್ಲಿ ನಾನು ಸುತ್ತಿದ ಮೋಟಾರು ನನ್ನ ತಪ್ಪಿಗೆ ವಾಪಸು ಬಂದದ್ದಿಲ್ಲ ಎಂದು ಹೇಳಿಕೊಂಡು ತಿರುಗುತ್ತಿದ್ದೆ. ಈಗ ಹೇಳುವುದಿಲ್ಲ. ಯಾಕೆ ಎಂಬುದೇ ಈ ಬರಹ.

ಬೆಂಚಿನ ಎಡತುದಿಗೆ ದುಂಡಪ್ಪ ಕಾಕಾ. ಬಸ್ ಕಂಡಕ್ಟರಾಗಿದ್ದು ನಿವೃತ್ತರಾದವರು. ಎಲ್ಲರನ್ನೂ ಮುಂದೆ ಸರಿಸುವ ಧ್ವನಿ ಮಾತ್ರ ಇನ್ನೂ ನೌಕರಿಯಲ್ಲಿದೆ. ಬಲತುದಿಗೆ ಸಿದ್ರಾಮಪ್ಪ ಸಾವ್ಕಾರರು. ಗಾಂಧಿ ಚೌಕದ ಕಿರಾಣಿ ಅಂಗಡಿಯನ್ನು ಮಕ್ಕಳಿಗೆ ಒಪ್ಪಿಸಿ ದೇಶವನ್ನು ತಾವು ವಹಿಸಿಕೊಂಡವರು. ಲಾಕ್‌ಡೌನ್ ತೆಗೆದ ವರ್ಷ ಸರ್ಕಾರ ಆರ್ಥಿಕ ಉತ್ತೇಜನದ ಪ್ಯಾಕೇಜು ಸಾರಿತಲ್ಲ, ಅಂದಿನಿಂದ ಇಬ್ಬರಿಗೂ ಪುರುಸೊತ್ತಿಲ್ಲ. ಟಿವಿಯವರು ಅದರ ಸೊನ್ನೆಗಳನ್ನು ತೋರಿಸಲು ಹೋದಾಗ ಪರದೆಯೇ ಸಾಲದಾಯಿತು. ಅಷ್ಟೊಂದು ಸೊನ್ನೆಗಳು ದೆಹಲಿಯಿಂದ ಹೊರಟದ್ದು ನಿಜ. ತಿಕೋಟಾದ ಕಡೆಗೆ ಬಸ್ಸು ಸಿಗದೆ ಎಲ್ಲೋ ನಿಂತಿರಬೇಕು.

ಖರ್ಚು ಮಾಡಲೇಬೇಕು, ಕೊರತೆ ಬಿದ್ದರೆ ಬೀಳಲಿ ಎಂಬುದು ಕಾಕಾನ ವಾದ. ಇಷ್ಟು ಸಾಲವನ್ನು ಮೊಮ್ಮಕ್ಕಳ ತಲೆಗೆ ಕಟ್ಟುತ್ತಾರೆ ಎಂಬುದು ಸಾವ್ಕಾರರ ಸಂಕಟ. ಹಿಂದೊಮ್ಮೆ ಸಾವ್ಕಾರರ ಪಕ್ಷ ಗಾದಿಯ ಮೇಲಿದ್ದಾಗ, ಕೊರತೆ ಎಂದರೆ ದೇಶ ಕಟ್ಟುವ ಧೈರ್ಯ ಎಂದವರು ಇದೇ ಸಾವ್ಕಾರರು. ಆಗ ಮೊಮ್ಮಕ್ಕಳನ್ನು ನೆನೆದು ಕಣ್ಣೊರೆಸಿಕೊಂಡವರು ಕಾಕಾ. ಸರ್ಕಾರ ಬದಲಾಯಿತು, ಇಬ್ಬರೂ ಮಾತು ಅದಲುಬದಲು ಮಾಡಿಕೊಂಡರು. ಅಣ್ಣನ ಅಂಗಿ ತಮ್ಮನಿಗೆ ಬರುವ ಹಾಗೆ, ಒಂದು ಗುಂಡಿಯೂ ಉದುರಿರಲಿಲ್ಲ. ಬಡದೇಶದಲ್ಲಿ ಇಷ್ಟಾದರೂ ಉಳಿತಾಯ ಬೇಕು.

ಅಂಥ ಒಂದು ಮುಂಜಾನೆ ಬಬಲೇಶ್ವರದ ಸಂಗನಗೌಡರ ಬಾವಿಯ ಮೋಟಾರು ಸುಟ್ಟು ಬಂತು. ದ್ರಾಕ್ಷಿ ಬಳ್ಳಿ ಕತ್ತರಿಸಿ ಹೊಸ ಚಿಗುರು ಕಣ್ಣುಬಿಡುವ ಸಮಯ. ಆಗ ವಾರ ನೀರು ತಪ್ಪಿದರೆ ಆ ವರ್ಷದ ಹಣ್ಣಿನ ಆಸೆ ಬಿಡಬೇಕು. "ನಾಳೆ ಸಂಜೀಕ ನೀರು ಬೀಳಬೇಕು ನೋಡಪಾ ಬಸಪ್ಪಾ. ನಿನ್ನ ಕೈ ಮ್ಯಾಲೆ ತ್ವಾಟಾ ಇಟ್ಟೇನಿ," ಎಂದು ಹೇಳಿ ಹೋದರು.

ನಮ್ಮ ಕೆಲಸದ ಮೊದಲ ಹೆಜ್ಜೆ ಎಣಿಸುವುದು. ಸುಟ್ಟ ಸುರುಳಿಯನ್ನು ಕತ್ತರಿಸಿ ಅದರಲ್ಲಿ ಎಷ್ಟು ಸುತ್ತು ಇದ್ದವು ಎಂದು ಒಂದೊಂದೇ ಎಳೆ ಎಣಿಸಬೇಕು. ಹೊಸದಕ್ಕೂ ಅಷ್ಟೇ ಸುತ್ತು. ನಾನು ಹತ್ತಾದಾಗಲೆಲ್ಲ ಗೋಡೆಗೆ ಸೀಮೆಸುಣ್ಣದಿಂದ ಒಂದು ಗೆರೆ ಎಳೆಯುತ್ತೇನೆ. ಕಾಗದ, ಪೆನ್ನು ನಾಲ್ಕು ಗೋಡೆ ಇಲ್ಲದವರಿಗೆ.

ನಲವತ್ತು ಮುಗಿದು ಐವತ್ತರ ಹತ್ತಿರ ಬಂದಿದ್ದೆ. ಹಿಂದೆ ಬೆಂಚಿನ ಮೇಲೆ ದೇಶ ಕುದಿಯುತ್ತಿತ್ತು.

"ನಿಂತ ಗಾಡಿ ದೂಡಾಕ ಮೊದಲ ಜೋರು ಬೇಕಾಗತೈತೋ ಇಲ್ಲೋ?" ಎಂದರು ಕಾಕಾ.

"ದೂಡ್ರಿ, ಯಾರು ಬ್ಯಾಡ ಅಂದಾರ? ದೂಡೂದಕ್ಕ ಮೊಮ್ಮಗನ ಹೊಲ ಮಾರಬ್ಯಾಡ್ರಿ!" ಎಂದರು ಸಾವ್ಕಾರರು.

"ನಿಮಗ ತಿಳ್ಯಾಂಗಿಲ್ಲ, ಬಿಡ್ರಿ. ತಿಳಿದವನ್ನ ಕೇಳೂಣು. ಏ ಬಸಪ್ಪಾ, ಮೋಟಾರು ಸುರು ಆಗೂ ಮುಂದ ಕರೆಂಟು ಜಾಸ್ತಿ ಎಳೀತೈತೋ ಇಲ್ಲೋ? ನೀನ ಹೇಳು!"

ತಿಳಿದವನು! ಏಳನೆಯ ತರಗತಿಯವನನ್ನು ದೇಶದ ಹಣಕಾಸಿನ ವಿಷಯದಲ್ಲಿ ಸಾಕ್ಷಿಗೆ ಕರೆದರು. ಗೆರೆ ಎಳೆಯಲು ಎತ್ತಿದ ಕೈ ಹಾಗೇ ಭಾಷಣಕ್ಕೆ ತಿರುಗಿತು. "ಎಳೀತೈತ್ರಿ ಕಾಕಾ, ನಾಕೈದು ಪಟ್ಟು ಎಳೀತೈತಿ. ಆದ್ರ ಎಷ್ಟೊತ್ತು? ಕಣ್ಣು ಮುಚ್ಚಿ ತೆಗಿಯೂಷ್ಟು ಹೊತ್ತು! ಹಂಗ ಎಳಕೊಂತ ಕುಂತ್ರ ಸುಟ್ಟು ಹೋಗತೈತಿ," ಎಂದೆ. ಇಬ್ಬರೂ ತಲೆದೂಗಿದರು. ಇಬ್ಬರಿಗೂ ತಾವೇ ಗೆದ್ದಂತೆ ಕಂಡಿತು. ಒಳ್ಳೆಯ ಸಾಕ್ಷಿಯ ಲಕ್ಷಣವೇ ಅದು. ನಾನು ಎದೆ ಉಬ್ಬಿಸಿಕೊಂಡು ಉಳಿದ ಎಂಟು ಎಳೆ ಎಣಿಸಿ ಗೋಡೆ ನೋಡಿದೆ. ನಾಲ್ಕು ಗೆರೆ, ಮೇಲೆ ಎಂಟು. ನಲವತ್ತೆಂಟು. ಎಲ್ಲ ಸುರುಳಿಗಳನ್ನೂ ನಲವತ್ತೆಂಟು ಸುತ್ತಿನಂತೆ ಸುತ್ತಿ ಮರುದಿನ ಹೇಳಿದ ಹೊತ್ತಿಗೆ ಕೊಟ್ಟೆ.

ಅದರ ಮರುದಿನ ಗೌಡರ ಫೋನು. "ಏನು ಕೈಯೋ ನಿಂದು! ಹೊಸಾ ಮೋಟಾರಿದ್ದಾಗ ಸೈತ ಇಂಥಾ ನೀರು ಬಿದ್ದಿದ್ದಿಲ್ಲ. ಓಣ್ಯಾಗಿನ ಮಂದಿ ನೋಡಾಕ ಬರಾಕತ್ತಾರ!"

ಹೊಗಳಿಕೆ ಕೇಳಿ ಒಂದು ಗಳಿಗೆ ಖುಷಿಯಾಯಿತು. ಆಮೇಲೆ ತಂತಿಯ ಉಂಡೆಯ ಕಡೆಗೆ ಕಣ್ಣು ಹೋಯಿತು. ಮುಗಿಯಬೇಕಾಗಿದ್ದ ತಂತಿ ಸಾಕಷ್ಟು ಉಳಿದಿತ್ತು. ಕತ್ತರಿಸಿದ ಹಳೆಯ ಸುರುಳಿ ಮೊಳೆಗೆ ನೇತಾಡುತ್ತಿತ್ತು, ತೆಗೆದು ಮತ್ತೆ ಎಣಿಸಿದೆ. ಐವತ್ತೆಂಟು. ಭಾಷಣಕ್ಕೆ ತಿರುಗಿದ ಕೈ ಐದನೇ ಗೆರೆ ಎಳೆದೇ ಇರಲಿಲ್ಲ.

ಸುತ್ತು ಕಡಿಮೆ ಬಿದ್ದರೆ ಮೋಟಾರು ನಿಲ್ಲುವುದಿಲ್ಲ, ಅದೇ ಅದರ ಕುತಂತ್ರ. ಹಳ್ಳಿಯ ಬಡಕಲು ಕರೆಂಟಿನಲ್ಲೂ ಜೋರಾಗಿ ಓಡುತ್ತದೆ, ಹೆಚ್ಚು ಹೆಚ್ಚು ಎಳೆಯುತ್ತದೆ, ಒಳಗೊಳಗೇ ಕಾಯುತ್ತದೆ. ನೀರು ನೋಡಿದವರು ಚಪ್ಪಾಳೆ ತಟ್ಟುತ್ತಾರೆ. ನಾಲ್ಕೈದು ದಿನಕ್ಕೆ ಹೊಗೆ. ಅಷ್ಟರಲ್ಲಿ ಚಿಗುರು ಅರ್ಧ ಬಂದಿರುತ್ತದೆ, ನೀರಿರುವುದಿಲ್ಲ.

ಬೆಂಚಿನವರಿಗೆ ಹೇಳಿದೆ. ಇಬ್ಬರೂ ಬೆಚ್ಚಿಬಿದ್ದು, ಆಮೇಲೆ ತಕ್ಷಣ ಚೇತರಿಸಿಕೊಂಡರು. "ಇವರು ನಡಕ ಬಾಯಿ ಹಾಕಿದ್ದಕ್ಕ ಆತು," ಎಂದರು ಕಾಕಾ. "ಬಸಪ್ಪನ್ನ ಕೇಳಿದವರು ಯಾರ್ರೀ? ನೀವ!" ಎಂದರು ಸಾವ್ಕಾರರು. ಕೊನೆಗೆ ಒಂದು ವಿಷಯದಲ್ಲಿ ಮಾತ್ರ ಇಬ್ಬರೂ ಒಂದಾದರು. "ನೀ ಯಾಕ ಬಾಯಿ ಬಿಡತಿ? ಸುಟ್ಟಾಗ, ಮೊದಲು ಸುತ್ತಿದಾಂವ ಸರಿ ಸುತ್ತಿದ್ದಿಲ್ಲ, ಅದರದ ಪರಿಣಾಮ ಅಂದ್ರಾತು." ನೋಡಿ, ಅನುಭವ ಅಂದರೆ ಇದು. ಹಿಂದಿನವರು ಎಂಬವರು ಇಲ್ಲದಿದ್ದರೆ ಈ ದೇಶ ಒಂದು ದಿನವೂ ನಡೆಯುವುದಿಲ್ಲ. ನನ್ನ ದುರದೃಷ್ಟ, ಗೌಡರ ಮೋಟಾರನ್ನು ಹಿಂದೆ ಸುತ್ತಿದವನೂ ನಾನೇ.

ಅಂಗಡಿಯಲ್ಲಿದ್ದ ಇನ್ನೊಂದು ಮೋಟಾರನ್ನು ಟಂಟಂ ಆಟೋದಲ್ಲಿ ಹೇರಿಕೊಂಡು ಬಬಲೇಶ್ವರಕ್ಕೆ ಹೋದೆ. ಗೌಡರು ಬಾವಿಯ ಕಟ್ಟೆಯ ಮೇಲೆ ಕೂತು ನೀರು ನೋಡುತ್ತಿದ್ದರು. ಬಿಚ್ಚಬೇಕು ಎಂದ ಕೂಡಲೇ ಎದ್ದು ಅಡ್ಡ ನಿಂತರು.

"ಹುಚ್ಚ ಹಿಡದೈತೇನಲೇ? ಓಡೂ ಮೋಟಾರು ಬಿಚ್ಚತಾರೇನು?"

"ಸುತ್ತು ಕಮ್ಮಿ ಬಿದ್ದಾವ್ರಿ ಗೌಡ್ರ. ನನ್ನ ತಪ್ಪು."

"ಕಮ್ಮಿ ಬಿದ್ರ ಹಿಂಗ ನೀರು ಬೀಳತಾವೇನು? ಎಷ್ಟು ಕಮ್ಮಿ ಅದಾವೋ ಅಷ್ಟ ಚಲೋ ಆಗೇತಿ!"

ಟಿವಿಯಲ್ಲಿ ಕೋಟು ಹಾಕಿಕೊಂಡು ಕೂರುವವರು ಗಂಟೆಗಟ್ಟಲೆ ಹೇಳುವುದನ್ನು ಗೌಡರು ಒಂದೇ ಮಾತಿನಲ್ಲಿ ಹೇಳಿದ್ದರು. ನನ್ನ ಬಳಿ ಅಷ್ಟು ಅರ್ಥಶಾಸ್ತ್ರ ಇರಲಿಲ್ಲ. "ಒಮ್ಮೆ ಕೈ ಹಚ್ಚಿ ನೋಡ್ರಿ," ಎಂದೆ. ಗೌಡರು ಮೋಟಾರಿನ ಮೈಮೇಲೆ ಅಂಗೈ ಇಟ್ಟರು, ಇಟ್ಟಷ್ಟೇ ಬೇಗ ಕಿತ್ತುಕೊಂಡರು. ಕೊರತೆಯ ಬಗ್ಗೆ ನಾನು ಕಂಡ ಅತಿ ಚಿಕ್ಕ ಚರ್ಚೆ ಅದು.

ಬದಲಿ ಮೋಟಾರು ಕೂಡಿಸಿ, ಅವರದನ್ನು ತಂದು, ಐವತ್ತೆಂಟು ಸುತ್ತಿನಂತೆ ಮತ್ತೆ ಸುತ್ತಿ ಮುಟ್ಟಿಸಿದೆ. ನೀರು ಎಂದಿನಷ್ಟು ಬಿತ್ತು. ಗೌಡರ ಮುಖ ಇಳಿಯಿತು. "ಆ ಮಜಾ ಇಲ್ಲ ಬಿಡೋ," ಎಂದರು. ಚಿಗುರು ಚೆನ್ನಾಗಿ ಬಂತು, ಹಣ್ಣೂ ಆಯಿತು. ಆದರೂ ಇವತ್ತಿಗೂ ಅವರು ನಾಲ್ಕು ಜನರ ಮುಂದೆ ನೆನೆಯುವುದು ಆ ಎರಡು ದಿನದ ನೀರನ್ನೇ. ನಾನು ಚುನಾವಣೆಗೆ ನಿಂತರೆ ನಲವತ್ತೆಂಟರ ಬಸಪ್ಪನಿಗೆ ವೋಟು. ಐವತ್ತೆಂಟರವನ ಠೇವಣಿ ಖಂಡಿತ ಹೋಗುತ್ತದೆ.

ಬೆಂಚಿನ ಅಧಿವೇಶನ ನಡೆದೇ ಇದೆ. ನಾನು ಒಂದು ಕಾಯಿದೆ ಮಾತ್ರ ತಂದಿದ್ದೇನೆ. ನಾನು ಎಳೆ ಎಣಿಸುವಾಗ ಗೋಡೆಗೆ ಗೆರೆ ಎಳೆಯುವ ಕೆಲಸ ಬೆಂಚಿನವರದು; ಒಂದು ದಿನ ಕಾಕಾ, ಒಂದು ದಿನ ಸಾವ್ಕಾರರು. ಒಬ್ಬರು ಎಳೆಯುವಾಗ ಇನ್ನೊಬ್ಬರು ಕಣ್ಣು ಮಿಟುಕಿಸದೆ ಕಾಯುತ್ತಾರೆ, ಎಲ್ಲಿ ತಪ್ಪುತ್ತಾನೆ ಎಂದು. ಆ ಹೊತ್ತು ಅಂಗಡಿಯಲ್ಲಿ ಎಷ್ಟು ನಿಶ್ಶಬ್ದವೆಂದರೆ, ಅತ್ತ ಹಳಿಯ ಮೇಲೆ ಗೂಡ್ಸ್ ಗಾಡಿ ಎಷ್ಟು ಡಬ್ಬಿಯದು ಎಂದು ಕಿವಿಯಿಂದಲೇ ಎಣಿಸಬಹುದು.

ದೆಹಲಿಯವರಿಗೆ ಬೇಕಾದರೆ ಎರಡು ತುಂಡು ಸೀಮೆಸುಣ್ಣ ಕಳಿಸಿಕೊಡುತ್ತೇನೆ. ಗೋಡೆ ಅವರಲ್ಲಿ ಇದ್ದೇ ಇರಬೇಕು.