ಬಿರುಕು ಬಿಟ್ಟ ಧರೆಯ ಕೆಳಗೆ

ಮಳೆಗಾಲ ಮುಗಿದು ಸರ್ವಿಸ್ ಮೋಟಾರು ಮತ್ತೆ ಶುರುವಾದ ಹೊಸತು. ಕೂಸನ್ನು ಎತ್ತಿಕೊಂಡು ಯಲ್ಲಾಪುರದಿಂದ ತವರಿಗೆ ಹೊರಟಿದ್ದೆ. ಇಡಗುಂದಿ ದಾಟಿ ಘಟ್ಟ ಇಳಿಯುವಾಗ ಡ್ರೈವರ್ ಸಾಯಬರು ಗಾಡಿ ನಿಲ್ಲಿಸಿದರು. ಮುಂದಿನ ತಿರುವಿನಲ್ಲಿ, ರಸ್ತೆಗಾಗಿ ಗುಡ್ಡ ಕಡಿದ ಮಗ್ಗುಲಿನ ಎತ್ತರದ ಧರೆ ಬಿರುಕು ಬಿಟ್ಟು ಮಣ್ಣು ಉದುರುತ್ತಿತ್ತು.

"ಎಲ್ಲರೂ ಇಳಿಯಿರಿ. ಒಬ್ಬರು ಆಚೆ ಮುಟ್ಟಿದ ಮೇಲೆ ಇನ್ನೊಬ್ಬರು ಹೊರಡಿ. ಕುಸಿದರೆ ಮಣ್ಣು ತೆಗೆಯೋಕಾದರೂ ಜನ ಉಳೀಬೇಕು."

"ಒಬ್ಬೊಬ್ಬರೇ ಅಂದರೆ ಈ ಕೂಸು ನಡೆದುಕೊಂಡು ಬರಬೇಕಾ?" ಎಂದೆ. ಹೆದರಿದಾಗ ನನ್ನ ನಾಲಿಗೆ ಇನ್ನೂ ಚುರುಕಾಗುತ್ತದೆ.

"ಅವನಿಗೆ ಟಿಕೇಟಿಲ್ಲವಲ್ಲ ತಂಗಿ, ಲೆಕ್ಕಕ್ಕಿಲ್ಲ. ಎದೆಗೆ ಅವಚಿಕೊಂಡು ಹೋಗು. ಧರೆ ನಾನು ನೋಡ್ತಿರ್ತೇನೆ, ನೀನು ಕಾಲ ಕೆಳಗೆ ನೋಡು."

ಹೋದೆ. ಕೂಸಿನ ಕುಲಾವಿಯ ಮೇಲೆ ಚೂರು ಮಣ್ಣು ಬಿತ್ತು. ಅದು ನಕ್ಕಿತು, ನಾನು ಹೆಜ್ಜೆ ಚುರುಕು ಮಾಡಿದೆ.

ಕೊನೆಗೆ ಖಾಲಿ ಮೋಟಾರಿನಲ್ಲಿ ಸಾಯಬರೊಬ್ಬರೇ ಬಂದರು. ನಮ್ಮೆಲ್ಲರಿಗಾಗಿ ಧರೆ ನೋಡಿದವರು ಅವರು. ಅವರಿಗಾಗಿ ನೋಡಲು ಹಿಂದೆ ಯಾರೂ ಉಳಿದಿರಲಿಲ್ಲ. ಗಾಡಿಯಿಂದ ಇಳಿದದ್ದೇ ಸಾಯಬರು ನಮ್ಮ ತಲೆ ಎಣಿಸತೊಡಗಿದರು. ಮೊದಲು ಎಣಿಸಿದ್ದು ನನ್ನ ಕೂಸನ್ನು.

"ಈಗ ಲೆಕ್ಕಕ್ಕೆ ಬಂದನಾ ಸಾಯಬರೇ? ಹಾಗಂತ ಟಿಕೇಟು ಕೇಳಬೇಡಿ ಮತ್ತೆ," ಎಂದೆ.